ಬೀಜದಿಂದ ಬಂದ ನಿಂಬೆ, ಕಿತ್ತಳೆ, ಚಕ್ಕೋತ: ಯಾವುದನ್ನು ಉಳಿಸಬೇಕು, ಎಷ್ಟು ಕಾಯಬೇಕು?

ಪ್ರಶ್ನೆ: ತಿಪಟೂರಿನ ನಮ್ಮ ಮನೆಯ ಹಿತ್ತಿಲಲ್ಲಿ ನಾಲ್ಕು ವರ್ಷಗಳ ಹಿಂದೆ ಮೂರು ಬಗೆಯ ಬೀಜ ಹಾಕಿದ್ದೆ. ಒಂದು, ಅಡುಗೆಗೆ ತಂದ ನಿಂಬೆಹಣ್ಣಿನದು. ಇನ್ನೊಂದು, ಜನವರಿಯಲ್ಲಿ ಸಂತೆಯಿಂದ ತಂದ, ಸಿಪ್ಪೆ ಬಿಗಿಯಾಗಿ ಹೊಳೆಯುತ್ತಿದ್ದ, ಒಳಗೆ ಬೀಜ ತುಂಬಿದ್ದ ಕಿತ್ತಳೆಯದು. ಮತ್ತೊಂದು, ನೆಂಟರು ದೇವನಹಳ್ಳಿಯಿಂದ ತಂದುಕೊಟ್ಟ ಚಕ್ಕೋತದ್ದು. ಮೂರೂ ಗಿಡಗಳು ಆಳೆತ್ತರ ದಾಟಿವೆ. ಮೈತುಂಬ ಮುಳ್ಳು, ಆದರೆ ಒಂದರಲ್ಲೂ ಹೂವಿಲ್ಲ. ಪೊದೆಯಾಗಿ ಬೆಳೆಯಲೆಂದು ನಿಂಬೆಯ ತುದಿಯನ್ನು ಪ್ರತಿ ವರ್ಷ ಕತ್ತರಿಸುತ್ತಿದ್ದೇನೆ. ಬೀಜದ ಗಿಡ ಕಾಡುಗಿಡವಾಗುತ್ತದೆ, ಕಡಿದುಹಾಕಿ ಕಸಿ ಗಿಡ ನೆಡಿ ಎಂದು ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಕಡಿಯಬೇಕೇ? ಮುಂದೆ ಬೀಜದಿಂದ ಗಿಡ ಮಾಡುವುದಾದರೆ ಹೇಗೆ ಮಾಡಬೇಕು?

ಉತ್ತರ: ಮೂರರಲ್ಲಿ ಯಾವುದನ್ನೂ ಕಡಿಯಬೇಡಿ. ನಿಂಬೆಯ ತುದಿ ಕತ್ತರಿಸುವುದನ್ನು ಮಾತ್ರ ಇಂದಿನಿಂದಲೇ ನಿಲ್ಲಿಸಿ. ಬೀಜದ ಗಿಡ ಕಾಡುಗಿಡವಾಗುತ್ತದೆ ಎಂಬ ಮಾತು ಮಾವಿನ ಎಷ್ಟೋ ತಳಿಗಳಿಗೆ, ಸೀಬೆಗೆ ಸಲ್ಲುತ್ತದೆ. ನಿಂಬೆಯ ಬಳಗಕ್ಕೆ ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ಬರುವುದಿಲ್ಲ. ಈ ಬಳಗದಲ್ಲಿ ಬೀಜ ಯಾವ ಜಾತಿಯ ಹಣ್ಣಿನದು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ನಿಮ್ಮ ನಿಂಬೆ ಮತ್ತು ಕಿತ್ತಳೆ ಬಹುಮಟ್ಟಿಗೆ ತಾಯಿಮರದ ಪ್ರತಿರೂಪಗಳೇ ಆಗಿರುತ್ತವೆ. ಚಕ್ಕೋತ ಮಾತ್ರ ಹಾಗಲ್ಲ.

ಇದಕ್ಕೆ ಕಾರಣ ಬೀಜದೊಳಗೇ ಇದೆ. ಸಾಮಾನ್ಯವಾಗಿ ಒಂದು ಬೀಜದಲ್ಲಿ ಒಂದೇ ಭ್ರೂಣವಿದ್ದು, ಅದು ಪರಾಗ ಮತ್ತು ಅಂಡಾಣು ಕೂಡಿ ಹುಟ್ಟಿದ್ದಾಗಿರುತ್ತದೆ. ಆದ್ದರಿಂದ ಅದರಲ್ಲಿ ತಂದೆ ತಾಯಿ ಇಬ್ಬರ ಗುಣವೂ ಬೆರೆತಿರುತ್ತದೆ. ನಿಂಬೆ, ಕಿತ್ತಳೆ, ಮೋಸಂಬಿಗಳ ಬೀಜದಲ್ಲಿ, ಒರಟು ಸಿಪ್ಪೆಯ ನಿಂಬೆಯಾದ ಜಂಬೇರಿಯ ಬೀಜದಲ್ಲಿ ಹಾಗೆ ಕೂಡಿ ಹುಟ್ಟಿದ ಭ್ರೂಣದ ಜೊತೆಗೆ, ಅದನ್ನು ಸುತ್ತುವರಿದ ತಾಯಿಯ ಅಂಗಾಂಶದಿಂದಲೇ ನೇರವಾಗಿ ಮೊಳೆಯುವ ಬೇರೆ ಭ್ರೂಣಗಳೂ ಇರುತ್ತವೆ. ಇವುಗಳಲ್ಲಿ ತಂದೆಯ ಪಾಲು ಏನೂ ಇಲ್ಲ. ಕಸಿ ಮಾಡಿದ ಗಿಡ ಎಷ್ಟರ ಮಟ್ಟಿಗೆ ತಾಯಿಯೋ ಇವೂ ಅಷ್ಟೇ ತಾಯಿ. ಬೀಜದೊಳಗಿನ ಪೈಪೋಟಿಯಲ್ಲಿ ಹೆಚ್ಚಾಗಿ ಈ ತಾಯಿಭ್ರೂಣಗಳೇ ಗೆಲ್ಲುತ್ತವೆ, ಕೂಡಿ ಹುಟ್ಟಿದ್ದು ಸೊರಗುತ್ತದೆ ಅಥವಾ ಮೊಳೆಯುವುದೇ ಇಲ್ಲ. ಕಿತ್ತಳೆಯ ಒಂದು ಬೀಜವನ್ನು ನೀರಿನಲ್ಲಿ ನೆನೆಸಿ, ಹೊರಗಿನ ಬಿಳಿ ಸಿಪ್ಪೆಯನ್ನೂ ಒಳಗಿನ ಕಂದು ಪೊರೆಯನ್ನೂ ಉಗುರಿನಿಂದ ಬಿಡಿಸಿ ನೋಡಿ. ಪಿಸ್ತಾ ಹಸಿರಿನ ಬೀಜದಳಗಳು ಎರಡೇ ಇರದೆ, ಚಿಕ್ಕವು ದೊಡ್ಡವು ಸೇರಿ ಹಲವು ತುಣುಕುಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ನಿಂಬೆಯಲ್ಲಿ ಬಣ್ಣ ಬಿಳಿ, ಜೋಡಣೆ ಇದೇ. ಅದೇ ಚಕ್ಕೋತದ ದಪ್ಪ ಬೀಜವನ್ನು ಬಿಡಿಸಿದರೆ ಕಡಲೆಬೇಳೆಯಂತೆ ನೇರವಾಗಿ ಎರಡು ಹೋಳು, ನಡುವೆ ಒಂದೇ ಮೊಳಕೆ. ಮಾದಲವೂ ಚಕ್ಕೋತದ ಹಾಗೆ ಒಂಟಿ ಭ್ರೂಣದ್ದೇ.

ಕಸಿ ಗಿಡಗಳ ಇಡೀ ವ್ಯವಹಾರ ನಿಂತಿರುವುದೂ ಬೀಜದ ಈ ಗುಣದ ಮೇಲೆಯೇ. ಮೋಸಂಬಿಯ ಕಣ್ಣನ್ನು, ಅಂದರೆ ಮೊಗ್ಗಿರುವ ಸಿಪ್ಪೆಯ ಚೂರನ್ನು, ಕೂರಿಸುವ ಜಂಬೇರಿ ಅಥವಾ ರಂಗಪುರ ನಿಂಬೆಯ ಬೇರುಗಿಡಗಳನ್ನು (ಕಸಿಗೆ ಬೇರು ಒದಗಿಸುವ ಗಿಡಗಳನ್ನು) ಬೀಜ ಬಿತ್ತಿಯೇ ಬೆಳೆಸುತ್ತಾರೆ. ಸಾವಿರಾರು ಸಸಿಗಳು ಒಂದೇ ಗುಣದವಾಗಿ ಬರುವುದರಿಂದಲೇ ಅದು ಸಾಧ್ಯವಾಗಿದೆ. ಬಹುಶಃ ನಿಮ್ಮ ನೆರೆಯವರ ಮಾತಿನ ಮೂಲವೂ ಕಸಿ ಗಿಡದಲ್ಲೇ ಇರಬಹುದು. ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಚಿವುಟದೆ ಬಿಟ್ಟರೆ ಬೇರುಗಿಡವಾದ ಜಂಬೇರಿ ಮೇಲೆದ್ದು, ಒಳ್ಳೆಯ ಕಣ್ಣು ಸತ್ತುಹೋಗುತ್ತದೆ. ಮನೆಯವರು ಆಗ ಗಿಡ ಕಾಡುನಿಂಬೆಯಾಗಿ ಮಾರ್ಪಟ್ಟಿತು ಎಂದುಕೊಳ್ಳುತ್ತಾರೆ. ಬೀಜದ ನಿಂಬೆಗೆ ಈ ಅಪಾಯವಿಲ್ಲ. ಅದರ ಬುಡದಿಂದ ಎದ್ದ ಚಿಗುರೂ ಅದೇ ನಿಂಬೆ.

ಹಾಗಾದರೆ ಹೂವೇಕೆ ಬಂದಿಲ್ಲ? ತಾಯಿಮರದ ಪ್ರತಿರೂಪವಾದರೂ ಬೀಜದಿಂದ ಹುಟ್ಟಿದ ಗಿಡ ತನ್ನ ಬಾಲ್ಯವನ್ನು ಮೊದಲಿನಿಂದ ಕಳೆಯಲೇಬೇಕು. ಆ ಅವಧಿಯಲ್ಲಿ ನೆಟ್ಟಗೆ ಬೆಳೆಯುವುದು, ಉದ್ದ ಮುಳ್ಳು ಬಿಡುವುದು, ಹೂ ಬಿಡದಿರುವುದು ಮೂರೂ ಒಟ್ಟಿಗೇ ಇರುತ್ತವೆ. ನೀವು ಕಾಣುತ್ತಿರುವ ಮುಳ್ಳು ಕಾಡುತನದ ಗುರುತಲ್ಲ, ಎಳೆತನದ ಗುರುತು. ಬಾಲ್ಯ ಮುಗಿಯುವುದು ವರ್ಷಗಳ ಲೆಕ್ಕಕ್ಕಿಂತ ಹೆಚ್ಚಾಗಿ ಬೆಳವಣಿಗೆಯ ಲೆಕ್ಕದಿಂದ. ಬುಡದಿಂದ ತುದಿಯವರೆಗೆ ಒಂದರ ಮೇಲೊಂದರಂತೆ ಇಷ್ಟು ಗೆಣ್ಣುಗಳು ಬೆಳೆದ ಮೇಲೆ, ಆ ಎತ್ತರದ ರೆಂಬೆಗಳಲ್ಲಿ ಮೊದಲು ಹೂ ಬಿಡುವ ಶಕ್ತಿ ಬರುತ್ತದೆ. ಅದೇ ಮರದ ಬುಡ ಮಾತ್ರ ಎಳೆಯದಾಗಿಯೇ ಉಳಿದಿರುತ್ತದೆ. ಆದ್ದರಿಂದಲೇ ಹಣ್ಣು ಬಿಡುವ ಬೀಜದ ಮರದಲ್ಲಿಯೂ ಕೆಳಗಿನಿಂದ ಎದ್ದ ನೀರುಚಿಗುರಿಗೆ ದೊಡ್ಡ ಮುಳ್ಳಿರುತ್ತದೆ, ಮೇಲಿನ ರೆಂಬೆಗೆ ಮುಳ್ಳು ಗಿಡ್ಡವಾಗಿರುತ್ತದೆ. ನೀವು ಪ್ರತಿ ವರ್ಷ ತುದಿ ಕತ್ತರಿಸಿದಾಗ ಗಿಡ ಹೂವಿನ ಕಡೆಗೆ ನಡೆದಷ್ಟು ದಾರಿಯನ್ನು ಕಿತ್ತುಕೊಂಡಂತಾಗುತ್ತಿತ್ತು. ಪೊದೆಯಾಗಲೆಂದು ಮಾಡಿದ ಆ ಕೆಲಸ ಕಸಿ ಗಿಡಕ್ಕೆ ಸರಿಯಾದದ್ದೇ. ಬೀಜದ ಗಿಡಕ್ಕೆ ಮೊದಲ ಫಸಲು ಬರುವವರೆಗೆ ಸಲ್ಲದು. ಒಣಗಿದ, ರೋಗ ಬಂದ ರೆಂಬೆಗಳನ್ನೂ ನೆಲದಿಂದ ಒಂದು ಮೊಳದೊಳಗಿನ ಚಿಗುರುಗಳನ್ನೂ ಮಾತ್ರ ತೆಗೆಯಿರಿ. ಗಿಡ ಕೈಗೆಟುಕದಷ್ಟು ಎತ್ತರವಾಯಿತೆಂದು ಅನ್ನಿಸಿದರೆ ಕತ್ತರಿಸುವ ಬದಲು, ಉದ್ದ ರೆಂಬೆಯನ್ನು ಮುರಿಯದಂತೆ ನಿಧಾನವಾಗಿ ಬಗ್ಗಿಸಿ ಗೂಟಕ್ಕೆ ಕಟ್ಟಿ.

ಎಷ್ಟು ಕಾಲ ಕಾಯಬೇಕು ಎಂಬುದು ಜಾತಿಯಿಂದ ಜಾತಿಗೆ ಬಹಳ ಬೇರೆ. ನಾವು ಅಡುಗೆಗೆ ಬಳಸುವ ಕಾಗಜಿ ನಿಂಬೆ ಎಲ್ಲಕ್ಕಿಂತ ಬೇಗ: ಒಳ್ಳೆಯ ಬಿಸಿಲು, ನೀರು ಸಿಕ್ಕರೆ 4ರಿಂದ 5 ವರ್ಷಕ್ಕೆ ಹೂ ಬರುತ್ತದೆ, ಕೆಲವೊಮ್ಮೆ 3ಕ್ಕೇ ಬರುವುದುಂಟು. ಕಿತ್ತಳೆಗೆ 5ರಿಂದ 8 ವರ್ಷ, ಮೋಸಂಬಿಗೆ 7ರಿಂದ 10 ವರ್ಷ ಹಿಡಿಯಬಹುದು; ಚಕ್ಕೋತವೂ ಅಷ್ಟೇ ತಡ. ನಿಮ್ಮ ನಿಂಬೆಯನ್ನು ಸುಮ್ಮನೆ ಬೆಳೆಯಲು ಬಿಟ್ಟರೆ ಒಂದೆರಡು ವರ್ಷಗಳಲ್ಲಿ ಹೂ ಕಾಣುವ ಸಂಭವ ಹೆಚ್ಚು. ಹೊಸ ತುದಿಗಳಲ್ಲಿ ಮುಳ್ಳು ಚಿಕ್ಕದಾಗುತ್ತಾ ಬರುತ್ತಿದೆಯೇ ಎಂದು ಗಮನಿಸಿ, ಅದೇ ಮೊದಲ ಸೂಚನೆ. ಡಿಸೆಂಬರ್ ಜನವರಿಯಲ್ಲಿ ಮೂರು ನಾಲ್ಕು ವಾರ ನೀರು ನಿಲ್ಲಿಸಿ, ಎಲೆ ಸ್ವಲ್ಪ ಬಾಡಿದ ಮೇಲೆ ಮತ್ತೆ ನೀರು ಕೊಟ್ಟು ಹೂ ಬರಿಸುವ ಪದ್ಧತಿಯನ್ನು ನೀವು ಕೇಳಿರಬಹುದು. ಅದು ಈಗಾಗಲೇ ಫಸಲು ಕೊಡುತ್ತಿರುವ ಮರಕ್ಕೆ ಸರಿ. ಎಳೆ ಗಿಡಕ್ಕೆ ಹಾಗೆ ನೀರು ತಪ್ಪಿಸಿದರೆ ಬೆಳವಣಿಗೆ ನಿಂತು ಹೂವು ಇನ್ನಷ್ಟು ದೂರವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ತಿಪಟೂರಿನ ಹಿತ್ತಿಲೆಂದರೆ ತೆಂಗಿನ ನೆರಳು ಇರುವುದು ಸಹಜ. ನಿಂಬೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದಿದ್ದರೆ ಬಾಲ್ಯ ಕಳೆದ ಮೇಲೂ ಹೂ ಅಪರೂಪ.

ಇನ್ನು ಒಂದೊಂದೇ ಗಿಡದ ಮಾತು. ನಿಂಬೆಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಮ್ಮ ಅಂಗಡಿಗಳಿಗೆ ಬರುವ, ತೆಳು ಸಿಪ್ಪೆಯ ಬೀಜವಿರುವ ನಿಂಬೆ ಬಹುತೇಕ ಕಾಗಜಿ ನಿಂಬೆಯೇ, ಮತ್ತು ದೇಶದಲ್ಲಿ ಅದರ ತೋಟಗಳನ್ನು ಹೆಚ್ಚಾಗಿ ಬೀಜದ ಸಸಿಗಳಿಂದಲೇ ಎಬ್ಬಿಸುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ನಿಮಗೆ ತಿಳಿದಿರಬಹುದು. ಅಲ್ಲಿಂದ ಬಂದದ್ದೂ ಈ ಜಾತಿಯೇ. ಹಿತ್ತಿಲಿಗೆ ಬೀಜದ ಕಾಗಜಿ ನಿಂಬೆಗಿಂತ ಒಳ್ಳೆಯ ಆಯ್ಕೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ: ಬೇರು ಆಳಕ್ಕಿಳಿಯುತ್ತದೆ, ಮರ ಬಹುಕಾಲ ಬಾಳುತ್ತದೆ, ಕಾಯುವ ಕಾಲವೂ ಕಡಿಮೆ.

ಕಿತ್ತಳೆಯ ಬಗ್ಗೆ ನೀವು ಕೊಟ್ಟ ವಿವರ ನೋಡಿದರೆ ಅದು ಕಿನ್ನೊ. ನಾಗಪುರ ಕಿತ್ತಳೆಯ ಸಿಪ್ಪೆ ಸಡಿಲ, ಬೀಜ ಕಡಿಮೆ. ಕೊಡಗಿನದ್ದಕ್ಕೂ ಕಿನ್ನೊದಷ್ಟು ಬಿಗಿಯಿಲ್ಲ. ಚಳಿಗಾಲದಲ್ಲಿ ಪಂಜಾಬ್, ರಾಜಸ್ಥಾನಗಳಿಂದ ಲಾರಿಗಟ್ಟಲೆ ಬರುವ, ಹೊಳೆಯುವ ಬಿಗಿ ಸಿಪ್ಪೆಯ, ಬೀಜ ತುಂಬಿದ ಹಣ್ಣು ಕಿನ್ನೊವೇ. ಅದು ಕಾಡಿನಿಂದ ಬಂದದ್ದಲ್ಲ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹೊವರ್ಡ್ ಫ್ರಾಸ್ಟ್ ಅವರು ಕಿಂಗ್ ಮತ್ತು ವಿಲೋಲೀಫ್ ಎಂಬ ಎರಡು ಕಿತ್ತಳೆಗಳನ್ನು ಸಂಕರಿಸಿ ಪಡೆದು, 1935ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ನಿಂಬೆ ಬಳಗದ ಬೀಜದಲ್ಲಿ ತಾಯಿಭ್ರೂಣ ಹುಟ್ಟುವ ಬಗೆಯನ್ನು ಆಳವಾಗಿ ಅಭ್ಯಸಿಸಿದವರೂ ಅವರೇ. ಸಂಕರ ತಳಿಯ ಬೀಜ ಬಿತ್ತಿದರೆ ಗುಣ ಒಡೆದುಹೋಗುತ್ತದೆ ಎಂಬ ಸಾಮಾನ್ಯ ನಿಯಮ ಇಲ್ಲಿ ಅನ್ವಯಿಸದು, ಏಕೆಂದರೆ ಕಿನ್ನೊ ಬೀಜದಲ್ಲಿ ತಾಯಿಭ್ರೂಣಗಳದ್ದೇ ಮೇಲುಗೈ. ನಿಮ್ಮ ಗಿಡವೂ ಕಿನ್ನೊವೇ ಆಗಿರುವ ಸಾಧ್ಯತೆ ಬಹಳ. ತೊಡಕಿರುವುದು ಹವೆಯಲ್ಲಿ. ಕಿತ್ತಳೆ ಸಿಪ್ಪೆಗೆ ಬಣ್ಣ ಏರಬೇಕಾದರೆ ಹಣ್ಣು ಮಾಗುವ ಕಾಲದಲ್ಲಿ ರಾತ್ರಿಗಳು ಚೆನ್ನಾಗಿ ತಣ್ಣಗಾಗಬೇಕು. ಉತ್ತರದ ಚಳಿ ತಿಪಟೂರಿನಲ್ಲಿ ಇಲ್ಲ, ಹಾಗಾಗಿ ಹಣ್ಣು ಒಳಗೆ ಪಕ್ವವಾದರೂ ಹೊರಗೆ ಹಸಿರು ಹಳದಿಯಾಗಿಯೇ ಉಳಿಯಬಹುದು. ಬಣ್ಣಕ್ಕಾಗಿ ಕಾಯದೆ ಒಂದೊಂದು ಹಣ್ಣು ಬಿಡಿಸಿ ರುಚಿ ನೋಡಿ ಕೀಳುವುದಕ್ಕೆ ನೀವು ಸಿದ್ಧರಿದ್ದರೆ ಗಿಡ ಇರಲಿ.

ಚಕ್ಕೋತದಲ್ಲಿ ಹೇಳುವುದು ಹೆಚ್ಚಿದೆ. ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮತ್ತು ಅದರ ತಿರುಳಿನ ಸವಿ ತಿಂದವರಿಗೆ ಗೊತ್ತು. ಆದರೆ ಆ ಸವಿ ನಿಮ್ಮ ಗಿಡಕ್ಕೆ ಇಳಿದು ಬಂದಿದೆಯೆಂದು ಯಾರೂ ಭರವಸೆ ಕೊಡಲಾರರು. ಚಕ್ಕೋತದ ಬೀಜದಲ್ಲಿ ಇರುವ ಒಂದೇ ಭ್ರೂಣ ಕೂಡಿ ಹುಟ್ಟಿದ್ದು. ಸಾಲದ್ದಕ್ಕೆ ಚಕ್ಕೋತದ ಬಹುತೇಕ ಮರಗಳು ತಮ್ಮದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ, ಅಂದರೆ ತಂದೆ ಸದಾ ಬೇರೆ ಮರವೇ. ಅದು ಇನ್ನೊಂದು ಒಳ್ಳೆಯ ಚಕ್ಕೋತವಿರಬಹುದು, ಬೇಲಿಯ ಹೇರಳೆಯೂ ಇರಬಹುದು. ಹಣ್ಣು ಕೆಂಪು ತಿರುಳಿನದಾಗಿ ಸಿಹಿಯಾಗಿಯೂ ಬರಬಹುದು, ದಪ್ಪ ಸಿಪ್ಪೆಯೊಳಗೆ ಒಣಗಿದ ಕಹಿ ತೊಳೆಗಳಾಗಿಯೂ ಬರಬಹುದು. ಜಾಗ ಧಾರಾಳವಾಗಿ ಇರುವವರು ಕುತೂಹಲಕ್ಕೆ ಬೆಳೆಸಲಿ. ಹೊಸ ತಳಿಗಳು ಹುಟ್ಟುವುದು ಇಂಥ ಗಿಡಗಳಿಂದಲೇ. ಹಿತ್ತಿಲಲ್ಲಿ ಒಂದೇ ಚಕ್ಕೋತಕ್ಕೆ ಎಡೆ ಇದ್ದರೆ ಮಾತ್ರ ಎಂಟು ಹತ್ತು ವರ್ಷ ಕಾದು ನಿರಾಶರಾಗುವ ಬದಲು, ಇರುವ ಗಿಡದ ಬೇರನ್ನು ಉಳಿಸಿಕೊಂಡು ಮೇಲೆ ದೇವನಹಳ್ಳಿಯ ಮರದ ಕಣ್ಣು ಕೂರಿಸುವುದು ಮೇಲು. ಆ ಕ್ರಮವನ್ನು ಕೊನೆಯಲ್ಲಿ ಹೇಳಿದ್ದೇನೆ.

ಮುಂದೆ ಬೀಜ ಹಾಕುವುದಾದರೆ ಅಂಗಡಿಯ ಹಣ್ಣನ್ನು ಬಿಟ್ಟು, ಪರಿಚಯದವರ ತೋಟದಲ್ಲಿ ಹತ್ತು ವರ್ಷ ದಾಟಿದ, ಪ್ರತಿ ವರ್ಷ ತುಂಬ ಕಾಯಿ ಬಿಡುವ, ಎಲೆಯಲ್ಲೂ ಕಾಯಲ್ಲೂ ಕಜ್ಜಿ ರೋಗದ ಗಂಟುಗಳು ಕಡಿಮೆ ಇರುವ ನಿಂಬೆ ಮರವನ್ನು ಆರಿಸಿಕೊಳ್ಳಿ. ಮಗು ತಾಯಿಯ ಪ್ರತಿರೂಪವಾಗಿ ಬರುವಾಗ ತಾಯಿಯನ್ನು ಆರಿಸುವುದೇ ಮುಖ್ಯ ಕೆಲಸ. ತಿರುಪತಿಯ ಸಂಶೋಧನಾ ಕೇಂದ್ರದ ಬಾಲಾಜಿ ತಳಿಯ ಮರ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ, ಅದು ಕಜ್ಜಿಯನ್ನು ತಾಳಿಕೊಳ್ಳುತ್ತದೆ. ಮರದಲ್ಲೇ ಹಳದಿಯಾದ ಹಣ್ಣನ್ನು ತಂದು, ಬೀಜಕ್ಕೆ ಚಾಕು ತಾಗದಂತೆ ಸುತ್ತ ಸಿಪ್ಪೆಯನ್ನಷ್ಟೇ ಕೊಯ್ದು ತಿರುಚಿ ಬಿಡಿಸಿ. ಬೀಜಕ್ಕೆ ಅಂಟಿದ ಲೋಳೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು, ನೀರಲ್ಲಿ ತೇಲುವ ಜೊಳ್ಳುಗಳನ್ನು ಚೆಲ್ಲಿ, ಮುಳುಗಿದವನ್ನು ಒಂದು ದಿನ ನೆರಳಲ್ಲಿ ಆರಿಸಿ. ಬಿಸಿಲಿಗೆ ಹಾಕಲೇಬಾರದು. ರಾಗಿ, ಅವರೆಯ ಬೀಜದ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಡುವ ಬೀಜ ಇದಲ್ಲ. ಒಣಗಿದರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ, ಆದ್ದರಿಂದ ಮರುದಿನವೇ ಬಿತ್ತಿ. ಅನಿವಾರ್ಯವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ವಾರ ಫ್ರಿಜ್ಜಿನಲ್ಲಿ ಇಡಬಹುದು. ದೊಡ್ಡ ಪ್ರಮಾಣದಲ್ಲಿ ಬೀಜ ಬಿತ್ತುವವರು ಬೇರುಕೊಳೆ ರೋಗದ ಶಿಲೀಂಧ್ರವನ್ನು ಕೊಲ್ಲಲು 52 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ 10 ನಿಮಿಷ ಬೀಜ ಅದ್ದುತ್ತಾರೆ. ಮನೆಯಲ್ಲಿ ಉಷ್ಣಮಾಪಕವಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ, ಅಂದಾಜಿನ ಬಿಸಿಯಲ್ಲಿ ಬೀಜ ಬೆಂದುಹೋಗುತ್ತದೆ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮವಾಗಿ ಬೆರೆಸಿದ ಆಳವಾದ ಚೀಲಗಳಲ್ಲಿ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಊರಿದರೆ, ಮುಂಗಾರಿನ ಬೆಚ್ಚನೆಯ ದಿನಗಳಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ ಬರುತ್ತದೆ. ಒಂದೇ ಬೀಜದಿಂದ ಎರಡು ಮೂರು ಸಸಿ ಎದ್ದರೆ ನಾಲ್ಕಾರು ಎಲೆಯಾದಾಗ ಬೇರು ಹರಿಯದಂತೆ ಬೇರ್ಪಡಿಸಿ, ತಾಯಿಬೇರು ಮಡಿಚಿಕೊಳ್ಳದಂತೆ ಬೇರೆ ಬೇರೆ ಚೀಲಕ್ಕೆ ನೆಡಿ. ಮುಂದಿನ ಆಯ್ಕೆಯಲ್ಲಿ ಬಹಳ ಜನ ದೊಡ್ಡದಾಗಿ ಬೆಳೆದದ್ದನ್ನು ಉಳಿಸಿಕೊಳ್ಳುತ್ತಾರೆ. ಉಳಿಸಬೇಕಾದದ್ದು ಒಂದೇ ಸಮ ಇರುವ ಗುಂಪನ್ನು. ಹೆಚ್ಚಿನ ಸಸಿಗಳು ಒಂದೇ ಎತ್ತರ, ಒಂದೇ ಎಲೆಯಾಕಾರ, ತೊಟ್ಟಿನ ಎರಡೂ ಬದಿಯ ಕಿರುರೆಕ್ಕೆಯ ಅಗಲ ಒಂದೇ ಇದ್ದರೆ ಅವು ತಾಯಿಯ ಪ್ರತಿರೂಪಗಳು. ಅವುಗಳಿಗಿಂತ ಕುಳ್ಳಗೆ ಉಳಿದದ್ದನ್ನೂ, ಅವುಗಳನ್ನು ಮೀರಿ ಬೇರೆ ಬಗೆಯ ಎಲೆ ಬಿಟ್ಟದ್ದನ್ನೂ ತೆಗೆದುಬಿಡಿ. ವರ್ಷ ತುಂಬಿದ ಸಸಿಯನ್ನು ಎರಡು ಅಡಿ ಉದ್ದಗಲ ಆಳದ ಗುಣಿಗೆ, ಮರದಿಂದ ಮರಕ್ಕೆ 5ರಿಂದ 6 ಮೀಟರ್ ಅಂತರ ಬಿಟ್ಟು ನೆಡಬಹುದು. ತಾರಸಿಯ ಕುಂಡಕ್ಕೆ ಬೀಜದ ಗಿಡ ಬೇಡ. ಅಲ್ಲಿ ಗೂಟಿ ಕಟ್ಟಿದ, ಅಂದರೆ ಮರದ ರೆಂಬೆಯಲ್ಲೇ ಬೇರು ಬರಿಸಿ ಕತ್ತರಿಸಿಕೊಂಡ ನಿಂಬೆಯೇ ಸರಿ.

ಬೀಜದ ಗಿಡಕ್ಕೆ ಒಂದು ದೊಡ್ಡ ಅನುಕೂಲವೂ ಒಂದು ದೊಡ್ಡ ದೌರ್ಬಲ್ಯವೂ ಇವೆ. ಕಸಿಯ ಕಣ್ಣಿನ ಮೂಲಕ ಸಾಗುವ ಟ್ರಿಸ್ಟೆಜಾ ನಂಜು ಮತ್ತು ಗ್ರೀನಿಂಗ್ ರೋಗ ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ, ಆದ್ದರಿಂದ ಸಸಿ ಶುದ್ಧವಾಗಿ ಹುಟ್ಟುತ್ತದೆ. ಹುಟ್ಟಿದ ಮೇಲೆ ಸಸ್ಯಹೇನು, ಜಿಗಿಹೇನುಗಳು ಅವನ್ನು ತಂದು ಅಂಟಿಸಬಲ್ಲವು ಎಂಬುದು ಬೇರೆ ಮಾತು. ದೌರ್ಬಲ್ಯ ಇರುವುದು ಬುಡದಲ್ಲಿ. ಮಣ್ಣಿನಲ್ಲಿರುವ ಫೈಟಾಫ್ತೊರ ಎಂಬ ರೋಗಾಣು ಬುಡಕ್ಕೆ ಹತ್ತಿದರೆ ತೊಗಟೆ ಕೊಳೆತು, ಜೇನಿನ ಬಣ್ಣದ ಅಂಟು ಸೋರಿ, ಒಂದೆರಡು ವರ್ಷಗಳಲ್ಲಿ ಮರ ಹೋಗುತ್ತದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬೀಜದ ಕಿತ್ತಳೆ ತೋಟಗಳನ್ನು ಈ ರೋಗ ಹಾಳುಗೆಡವಿದ ಬಳಿಕವೇ, ತಾಳಿಕೊಳ್ಳುವ ಬೇರುಗಿಡದ ಮೇಲೆ ಕಸಿ ಮಾಡುವ ಪದ್ಧತಿ ಜಗತ್ತಿನಲ್ಲಿ ವ್ಯಾಪಕವಾಯಿತು. ಮೋಸಂಬಿಯನ್ನು ಬೀಜದಿಂದ ಬೆಳೆಸಬೇಡಿ ಎಂದು ನಾನು ಹೇಳುವುದು ಇದಕ್ಕಾಗಿ. ಅದರ ಸ್ವಂತ ಬುಡ ಈ ರೋಗಕ್ಕೆ ಬಹಳ ಬೇಗ ಬಲಿಯಾಗುತ್ತದೆ, ಕಾಯುವ ಕಾಲವೂ ದೀರ್ಘ; ರಂಗಪುರ ನಿಂಬೆಯ ಬೇರಿನ ಮೇಲಿನ ಕಸಿ ಗಿಡವನ್ನು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ತನ್ನಿ. ನಿಮ್ಮ ಮೂರು ಗಿಡಗಳ ಬುಡಕ್ಕೆ ಈಗಲೇ ಮಣ್ಣು ಏರಿಸಿ ದಿಬ್ಬ ಮಾಡಬೇಡಿ, ಕಾಂಡಕ್ಕೆ ನೀರು ತಾಗಿ ನಿಲ್ಲಲು ಬಿಡಬೇಡಿ. ಕಾಂಡದ ಸುತ್ತ ಒಂದಡಿ ಒಣನೆಲ ಉಳಿಯುವಂತೆ ಪಾತಿಯನ್ನು ಬಳೆಯಾಕಾರದಲ್ಲಿ ಹೊರಗೆ ಮಾಡಿ, ಮುಂಗಾರಿಗೆ ಮೊದಲು ನೆಲದಿಂದ ಎರಡು ಅಡಿವರೆಗೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣ ಬೆರೆಸಿದ ಲೇಪ) ಬಳಿಯಿರಿ.

ಎಳೆ ಎಲೆಯಲ್ಲಿ ಬೆಳ್ಳಿಯ ಗೆರೆ ಎಳೆಯುವ ರಂಗೋಲಿ ಹುಳುವಿಗೆ ಬೇವಿನ ಎಣ್ಣೆ ಸಾಕು. ಹಕ್ಕಿಯ ಹಿಕ್ಕೆಯಂತೆ ಕಂಡು ಮುಂದೆ ಹಸಿರಾಗುವ, ಮುಟ್ಟಿದರೆ ತಲೆಯಿಂದ ನಾರುವ ಕೊಂಬು ಚಾಚುವ ಹುಳು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಆರಿಸಿ ತೆಗೆಯಿರಿ. ಕೊಳವೆಬಾವಿಯ ಗಡಸು ನೀರು ಹಾಕುತ್ತಿದ್ದು ಹೊಸ ಎಲೆಗಳ ನರ ಹಸಿರು, ನಡುವೆ ಹಳದಿಯಾಗಿದ್ದರೆ ಗೊಬ್ಬರದ ಕೊರತೆಯೆಂದು ಯೂರಿಯಾ ಸುರಿಯಬೇಡಿ, ಅದು ಹೆಚ್ಚಾಗಿ ಸತುವು, ಕಬ್ಬಿಣಗಳ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಕರಗಿಸಿ ಸೋಸಿ ಚಿಗುರಿಗೆ ಸಿಂಪಡಿಸಿ ನೋಡಿ.

ಈಗ ಚಕ್ಕೋತಕ್ಕೆ ಕಣ್ಣು ಕಸಿ. ನಾಲ್ಕು ವರ್ಷದ ಕಾಂಡ ಕಣ್ಣು ಕೂರಿಸಲು ದಪ್ಪವಾಯಿತು, ಆದ್ದರಿಂದ ಫೆಬ್ರವರಿಯಲ್ಲಿ ಕಾಂಡವನ್ನು ಎರಡೂವರೆ ಅಡಿಗೆ ಕೊಯ್ದು, ಕೊಯ್ದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ. ಬಂದ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ ಮೂರನ್ನು ಉಳಿಸಿ, ಅವು ಪೆನ್ಸಿಲ್ ದಪ್ಪವಾಗಿ ಸಿಪ್ಪೆ ಸಲೀಸಾಗಿ ಬಿಡುವ ಹೊತ್ತಿಗೆ ಕಸಿ ಮಾಡಬಹುದು. ನಿಮ್ಮ ನೆಂಟರಿಗೆ ಹೇಳಿ, ಫಸಲು ಬಿಡುತ್ತಿರುವ, ಎಲೆಯಲ್ಲಿ ಅಡ್ಡಾದಿಡ್ಡಿ ಹಳದಿ ಮಚ್ಚೆಗಳಿಲ್ಲದ ಆರೋಗ್ಯವಂತ ಮರದಿಂದ, ಕೋನಗಳಿಲ್ಲದೆ ದುಂಡಗಾದ ಕಡ್ಡಿ ತರಿಸಿ. ಕತ್ತರಿಸಿದ ಕೂಡಲೇ ಎಲೆಗಳನ್ನು ತೊಟ್ಟು ಬಿಟ್ಟು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿರಬೇಕು. ಚಿಗುರಿನ ಸಿಪ್ಪೆಯಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಅಂಗುಲ ಉದ್ದದ ಗೀರು ಹಾಕಿ, ಕಣ್ಣನ್ನು ತೆಳುವಾಗಿ ಕೆತ್ತಿ ಒಳಗೆ ಜಾರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೂರು ವಾರ ಕಳೆದು ಪಟ್ಟಿ ಬಿಚ್ಚಿದಾಗ ಕಣ್ಣು ಹಸಿರಾಗಿದ್ದು ತೊಟ್ಟು ತಾನಾಗಿ ಉದುರಿದ್ದರೆ ಕಸಿ ಹಿಡಿದಿದೆ. ಅದರ ಮೇಲಿನ ಚಿಗುರನ್ನು ಬಗ್ಗಿಸಿ ಕಟ್ಟಿ, ಕಣ್ಣು ಒಂದು ಗೇಣು ಬೆಳೆದ ಮೇಲೆ ಕತ್ತರಿಸಿ. ಕಣ್ಣು ಫಸಲಿನ ಮರದ್ದಾದ್ದರಿಂದ ಅದಕ್ಕೆ ಬಾಲ್ಯವಿಲ್ಲ, ಮೂರನೆಯ ವರ್ಷದ ಹೊತ್ತಿಗೆ ಹೂ ನಿರೀಕ್ಷಿಸಬಹುದು. ಆ ವೇಳೆಗೆ ಪಕ್ಕದ ನಿಂಬೆಯೂ ಹೂ ಬಿಡುತ್ತಿದ್ದರೆ ಚಕ್ಕೋತಕ್ಕೆ ಬೇಕಾದ ಪರಾಗ ಜೇನುಹುಳುಗಳ ಮೂಲಕ ಅಲ್ಲಿಂದಲೇ ದೊರೆಯುತ್ತದೆ, ಇನ್ನೊಂದು ಚಕ್ಕೋತ ನೆಡಬೇಕಾಗಿಲ್ಲ.